ಉಂಗುರ ಬೆರಳಿನ ಭವಿಷ್ಯ

ಆಪರೇಷನ್ ಆಗಿ ವರ್ಷ ತುಂಬುವ ಮೊದಲೇ ಬೀಗ ರಿಪೇರಿಯವನ ಉಂಗುರ ಬೆರಳು ಮತ್ತೆ ಅಂಗೈ ಕಡೆ ಬಾಗಿತ್ತು. ಅದನ್ನು ನೋಡಿದ ಫಿಸಿಯೋಥೆರಪಿಸ್ಟ್ ಹುಡುಗಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

ಯಾರ ಬೆರಳು ನೆಟ್ಟಗೆ ಉಳಿಯುತ್ತದೆ, ಯಾರದು ಮತ್ತೆ ಬಾಗುತ್ತದೆ ಎಂದು ಮೊದಲೇ ಊಹಿಸುವುದು ಅವಳಿಗೊಂದು ಹುಚ್ಚು. ಅಂಗೈ ಚರ್ಮದಡಿ ಗಂಟು ಕಟ್ಟಿ ಬೆರಳನ್ನು ಒಳಕ್ಕೆ ಎಳೆಯುವ ಈ ಕಾಯಿಲೆ ಇವನ ಅಪ್ಪನಿಗೂ ಇತ್ತು. ಇವನಿಗೆ ಚಿಕ್ಕ ವಯಸ್ಸಿಗೇ ಶುರು, ಅದೂ ಎರಡೂ ಕೈಗೆ. ಮರಳಿ ಬರುವ ಸಾಧ್ಯತೆಯೇ ಹೆಚ್ಚು ಎಂದು ಮೊದಲ ದಿನವೇ ಅಂದುಕೊಂಡಿದ್ದಳು. ತನ್ನ ಊಹೆ ಸುಳ್ಳಾಗಲಿ ಎಂದು ಆಸೆಪಟ್ಟದ್ದು ಮಾತ್ರ ಇವನೊಬ್ಬನ ವಿಷಯದಲ್ಲೇ.

“ಮುಖ ತೊಳೀವಾಗ ಬೆರಳು ಕಣ್ಣಿಗೆ ಚುಚ್ಚುತ್ತಾ?”

“ಚುಚ್ಚುತ್ತೆ.”

“ಜೇಬಿಗೆ ಕೈ ಹೋಗುತ್ತಾ?”

“ಅಯ್ಯೋ, ಎಲ್ಲಿ ಹೋಗುತ್ತೆ!”

“ಈಗ ತಾನೇ ಅದೇ ಕೈಯಿಂದ ಮೊಬೈಲ್ ತೆಗೆದ್ರಲ್ಲ?”

ಅವನು ಛಾವಣಿ ನೋಡತೊಡಗಿದ. ಅವಳು ಬೆರಳು ಹಿಡಿದು ಮೆಲ್ಲಗೆ ಬಿಡಿಸಿದಳು. ನಿಜವಾಗಿ ಬಿಗಿದ ಬೆರಳು ಯಾರು ಎಳೆದರೂ ಜಗ್ಗುವುದಿಲ್ಲ. ಇದು ಸಲೀಸಾಗಿ ನೆಟ್ಟಗಾಯಿತು.

“ಏನ್ರೀ ಇದು ನಾಟಕ?”

ಅವನ ಕಿವಿಗಳು ಕೆಂಪಾದವು. “ಬೆರಳು ನೆಟ್ಟಗಿದ್ರೆ ಮುಂದಿನ ವರ್ಷ ಬನ್ನಿ ಅಂತೀರಿ. ಅಷ್ಟು ದಿನ ನಿಮ್ಮನ್ನ ನೋಡದೆ ಇರೋಕೆ ನನಗಾಗಲ್ಲ.”

ಅವಳಿಗೆ ನಗು ತಡೆಯಲಾಗಲಿಲ್ಲ. ಹೆಬ್ಬೆರಳು ಇನ್ನೂ ಅವನ ಅಂಗೈ ಮೇಲೇ ಇತ್ತು. ಹಳೆಯ ಹೊಲಿಗೆಯ ಪಕ್ಕ, ಚರ್ಮದಡಿ, ಪುಟ್ಟ ಗಂಟೊಂದು ತಾಗಿತು. ನಗು ಅಲ್ಲೇ ನಿಂತಿತು.

“ಇದು ನಾಟಕ ಅಲ್ಲ. ಹೊಸದು. ಬೆರಳು ಈಗ ಚೆನ್ನಾಗಿದೆ, ಮುಂದೆ ಬಾಗಬಹುದು.”

“ಬಾಗಬಹುದಾ, ಬಾಗೇ ಬಾಗುತ್ತಾ?”

“ಬಾಗುತ್ತೆ ಅನ್ಸುತ್ತೆ. ಯಾವಾಗ ಅಂತ ಹೇಳೋಕಾಗಲ್ಲ.”

ಅವನು ಕೈ ಎಳೆದುಕೊಂಡ. “ಹಾಗಾದ್ರೆ ನಾನು ಹೇಳಿದ್ದು ಮರೆತುಬಿಡಿ. ನಾಳೆ ಒಂದು ಬೀಗ ತೆಗೆಯೋಕೂ ಆಗದೋನನ್ನ ಕಟ್ಟಿಕೊಂಡು ನೀವ್ಯಾಕೆ ಒದ್ದಾಡ್ಬೇಕು?”

ಅವಳಿಗೆ ಕೋಪವೂ ಬಂತು, ಪ್ರೀತಿಯೂ ಉಕ್ಕಿತು.

“ಇದು ಮತ್ತೆ ಬರುತ್ತೆ ಅಂತ ನನಗೆ ಮೊದಲ ದಿನವೇ ಅನ್ಸಿತ್ತು ಕಣ್ರೀ. ಗೊತ್ತಿದ್ದೂ ಪ್ರತಿ ಸಲ ನಿಮ್ಮ ದಾರಿ ಕಾದಿದ್ದೀನಿ. ನನ್ನ ಮನಸ್ಸಿನ ವಿಷಯ ನೀವು ಕೇಳಲೇ ಇಲ್ಲವಲ್ಲ!”

ಅವನು ಎಳೆದುಕೊಂಡಿದ್ದ ಕೈಯನ್ನು ಮತ್ತೆ ಅವಳ ಮುಂದೆ ಚಾಚಿದ. ಅವಳು ಪರದೆ ಸರಿಸಿ, ಪಕ್ಕದ ಟೇಬಲಿನ ಹಿರಿಯ ಥೆರಪಿಸ್ಟರನ್ನು ಕರೆದಳು.

“ಅಕ್ಕಾ, ಇನ್ಮೇಲೆ ಇವರ ಬೆರಳು ನೀವೇ ಅಳೀಬೇಕು.”

“ಯಾಕೇ, ಜಗಳ ಆಡ್ಕೊಂಡ್ರಾ?”

“ಇಲ್ಲ ಅಕ್ಕಾ. ಮನೆಯವರ ಕೈಯನ್ನ ನಾವೇ ಅಳೆಯೋ ಹಾಗಿಲ್ಲ ಅಂತ ರೂಲ್ ಇದೆಯಲ್ಲ, ಅದಕ್ಕೆ.”