ಕೊರ್ಲಹಳ್ಳಿಯ ಹನ್ನೊಂದನೇ ಡ್ರೋನು

2025ರ ಜುಲೈ 15, ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಮುಂಡರಗಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ನಿಜಲಿಂಗಪ್ಪನವರ ಕೈಯಲ್ಲಿ ನಾಲ್ಕು ಪುಟದ ದೂರು ಟೈಪಾಗಿ ಸಿದ್ಧವಾಗಿತ್ತು. ಬೆಟಗೇರಿಯ ಹೊರಗೆ ಸೈನ್ಯಕ್ಕಾಗಿ ಸಣ್ಣ ಡ್ರೋನು ತಯಾರಿಸುವ ಕಾರ್ಖಾನೆಗೆ ಅವರು ವ್ಯವಸ್ಥಾಪಕರು. ದೂರು ತೆಗೆದುಕೊಳ್ಳಲು ಪಿಎಸ್‌ಐ ನೀಲಾ ಕೈ ಚಾಚಿದಳು. ಅವರು ಆ ಕೈಯನ್ನು ಕಾಣದವರಂತೆ ದಾಟಿ ಹೋಗಿ, ಒಳಗಿನ ಕೋಣೆಯಲ್ಲಿದ್ದ ಸಿಪಿಐ ಸುಭಾಷ ಅವರ ಮೇಜಿನ ಮೇಲೆ ಕಾಗದ ಇಟ್ಟರು.

ದೂರಿನ ಸಾರಾಂಶ ಹೀಗಿತ್ತು. ವರ್ಷದೊಳಗೆ ಹತ್ತು ಸಾವಿರ ಡ್ರೋನು ಬೇಕೆಂದು ಸರ್ಕಾರ ಹೇಳಿದೆ. ಒಂದು ಸ್ಕ್ರೂ ಕೂಡ ಹೊರದೇಶದ್ದಾಗಿರಬಾರದು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿ ಸೈನ್ಯದ ಅಧಿಕಾರಿಗಳ ಮುಂದೆ ಇಪ್ಪತ್ತು ಡ್ರೋನು ಹಾರಿಸಲಾಯಿತು. ಏಳನೇ ನಿಮಿಷಕ್ಕೆ ಮೋಟಾರು ಸುಟ್ಟು ಹನ್ನೊಂದು ಕೆಳಗೆ ಬಿದ್ದವು. ಮೋಟಾರಿನ ತಾಮ್ರದ ಸುರುಳಿ ಸುತ್ತುವ ಮೆಹಬೂಬಿ ಎಂಬ ಕೆಲಸಗಾರ್ತಿ ಬೇಕೆಂದೇ ಕೆಡಿಸಿದ್ದಾಳೆ. ಮೂರು ವಾರದ ಹಿಂದೆ ಹೆಂಗಸರನ್ನು ಕಟ್ಟಿಕೊಂಡು ಒಂದು ದಿನ ಕೆಲಸ ನಿಲ್ಲಿಸಿದವಳೂ ಅವಳೇ. ಮೂರನೇ ಪುಟದ ಕೊನೆಗೆ ಒಂದು ಸಾಲು: ಘಟನೆಯಲ್ಲಿ ಒಬ್ಬ ಮಹಿಳೆಗೆ ಅಲ್ಪ ಪೆಟ್ಟಾಗಿದೆ.

“ಅಂಥವ್ರನ್ನ ನಂಬಿದ್ದ ನಮ್ಮ ತಪ್ಪು, ಸಾಹೇಬ್ರ” ಎಂದರು ನಿಜಲಿಂಗಪ್ಪ.

‘ಅಂಥವರು’ ಅಂದರೆ ಎಂಥವರು ಎಂದು ಯಾರೂ ಕೇಳಲಿಲ್ಲ. ಹತ್ತೂ ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಒಂದೂವರೆಗೆ ಕಾರ್ಖಾನೆಯ ಸ್ಟೋರಿನಲ್ಲಿ ಜಪ್ತಿ ಪಂಚನಾಮೆ. ಬಿದ್ದ ಡ್ರೋನುಗಳನ್ನು ಸೋಮವಾರವೇ ಕಂಪನಿಯವರು ಹೊಲದಿಂದ ಆರಿಸಿಕೊಂಡು ಬಂದು ಇಲ್ಲಿಟ್ಟಿದ್ದರು. ಪೊಲೀಸರು ಬರುವತನಕ ಮುಟ್ಟಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ; ಹೇಳಿದ್ದರೂ ಕೇಳುತ್ತಿರಲಿಲ್ಲ. ಗೋಡೆಯ ಮೇಲೆ ಕರಿ ಹಲಗೆಯೊಂದಿತ್ತು. ಅದರಲ್ಲಿ ಸುಣ್ಣದಕಡ್ಡಿಯಲ್ಲಿ ಬರೆದದ್ದು: ಇಂದಿನ ಗುರಿ 400 ಮೋಟಾರು.

ಗುಣಮಟ್ಟ ಪರೀಕ್ಷೆಯ ಮೇಲ್ವಿಚಾರಕಿ ಅಂಕಿತಾ ಒಂದು ಮೋಟಾರು ಬಿಚ್ಚಿ ತೋರಿಸಿದಳು. ಎಂಜಿನಿಯರಿಂಗ್ ಓದಿದ ಇಪ್ಪತ್ತಾರರ ಹುಡುಗಿ, ಇಸ್ತ್ರಿ ಮುರಿಯದ ಕುರ್ತಾ. ತಂತಿಗಳ ಬುಡಕ್ಕೆ ಹಸಿರು ನೂಲಿನ ಗಂಟಿತ್ತು.

“ಹತ್ತು ಮಂದಿ ಸುತ್ತತಾರ್ರಿ. ಒಬ್ಬೊಬ್ರದು ಒಂದೊಂದು ಬಣ್ಣ. ಹಸಿರು ಮೆಹಬೂಬಿದು.”

“ಬಿದ್ದವೆಲ್ಲಾ ಹಸಿರ?” ಎಂದು ನೀಲಾ ಕೇಳಿದಳು.

“ಎಲ್ಲಾ. ನಲವತ್ತಕ್ಕ ನಲವತ್ತು.”

ಸುಭಾಷ ಅವರ ಮುಖ ಅರಳಿತು. ಕೇಸು ತಾನಾಗಿ ನಡೆದು ಬಂದು ಜೀಪಿನಲ್ಲಿ ಕುಳಿತಿತ್ತು. ಮೂರು ಐವತ್ತಕ್ಕೆ ಮೆಹಬೂಬಿಯ ದಸ್ತಗಿರಿ. ಕಾರ್ಖಾನೆಯ ಗೇಟಿನ ಮುಂದೆ ಸೇರಿದವರು ಆಕೆಯ ಕಡೆ ಎಸೆದ ಮಾತುಗಳನ್ನು ಹೆಡ್ ಕಾನ್‌ಸ್ಟೆಬಲ್ ಸಕ್ರಪ್ಪ ದಿನಚರಿಯಲ್ಲಿ ಬರೆಯಲಿಲ್ಲ. ಬುಧವಾರ ಮೂರು ಐವತ್ತರೊಳಗೆ ಆಕೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಒಮ್ಮೆ ಆ ಕಟಕಟೆಯಲ್ಲಿ ದೇಶಕ್ಕೆ ಎರಡು ಬಗೆದವಳೆಂದು ನಿಂತರೆ, ಆಮೇಲೆ ಬಿಡುಗಡೆಯಾದರೂ ಬೆಟಗೇರಿಯ ಯಾವ ಓಣಿಯೂ ಆಕೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದು ನೀಲಾಗೆ ಗೊತ್ತಿತ್ತು. ಮೆಹಬೂಬಿಗೂ ಗೊತ್ತಿತ್ತು.

ಸಂಜೆ ಐದೂವರೆಗೆ ಠಾಣೆಯಲ್ಲಿ ವಿಚಾರಣೆ.

“ಎಷ್ಟು ವರ್ಷಾತು ಈ ಕೆಲಸ?”

“ಕಂಡಕಿ ಸುತ್ತಾಕ ಹತ್ತಿದ್ದು ಎಂಟನೇ ವರ್ಷಕ್ಕ. ಮಗ್ಗ ನಿಂತ್ವು, ತಂತಿ ಬಂತು. ಈಗ ಎರಡು ವರ್ಷಾತ್ರಿ.”

“ಕೆಲಸ ಯಾಕ ನಿಲ್ಲಿಸಿದ್ದಿ?”

“ಒಬ್ಬಾಕಿ ದಿನಕ್ಕ ಆರು ಮೋಟಾರ ಸುತ್ತತಾಳ. ನಲವತ್ತು ಸುತ್ತು ಅಂದ್ರು. ಬೆರಳು ಆರು ಜತಿ ಅದಾವೇನ್ರಿ ನಮಗ?”

ನೀಲಾ ಚೀಲದಿಂದ ಸುಟ್ಟ ಮೋಟಾರು ತೆಗೆದು ಮೇಜಿನ ಮೇಲಿಟ್ಟಳು. ಮೆಹಬೂಬಿ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಕತ್ತು ಬಗ್ಗಿಸಿ ನೋಡಿ, ಮೂಗು ಮುರಿದಳು.

“ನೂಲು ನಂದ. ಗಂಟು ನಂದಲ್ಲ.”

ಸಕ್ರಪ್ಪ ನಕ್ಕ. “ಗಂಟಿನ ಮ್ಯಾಲ ಹೆಸರ ಬರದಿರ್ತದೇನು?”

“ನಿಮಗ ಕಾಣಂಗಿಲ್ಲ ಬಿಡ್ರಿ ಜಮಾದಾರ್ರ. ಪಿಎಸ್‌ಐ ಬಾಯಾರಿಗೆ ಕಾಣಬೇಕಲ್ಲ?”

ನೀಲಾಗೆ ಕಂಡಿತ್ತು. ಸ್ಟೋರಿನಲ್ಲೇ ಕಂಡಿತ್ತು, ಅಷ್ಟು ಜನ ಗಂಡಸರ ನಡುವೆ ಬಾಯಿ ಬಂದಿರಲಿಲ್ಲ, ಅಷ್ಟೇ. ಅವಳು ನೇಕಾರರ ಊರಾದ ಶಿಗ್ಲಿಯವಳು. ಶಾಲೆಯಿಂದ ಬಂದು ಪಾಟಿಚೀಲ ಇಟ್ಟವಳೇ ರಾಟೆಯ ಮುಂದೆ ಕೂತು ಅವ್ವನಿಗೆ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಟ್ಟವಳು. ಕಂಡಿಕೆ ತುಂಬಿದ ಮೇಲೆ ಕೊನೆಗೆ ಹಾಕುವ ಗಂಟು ಬಿಚ್ಚುಗಂಟು. ಒಂದು ತುದಿ ಗಿಡ್ಡ, ಒಂದು ಉದ್ದ. ಮಗ್ಗದವನು ಉದ್ದ ತುದಿಯನ್ನು ಒಮ್ಮೆ ಎಳೆದರೆ ಸಾಕು, ಬಿಚ್ಚಿಕೊಳ್ಳಬೇಕು. ಯಾರ ಕಂಡಿಕೆ ಎಂದು ಗುರುತಿಗೆ ಬಣ್ಣದ ನೂಲು. ಬೆಟಗೇರಿಯ ಹೆಂಗಸರು ಆ ರೂಢಿಯನ್ನು ಹಾಗೇ ಮೋಟಾರಿಗೂ ತಂದಿದ್ದರು.

ಮೇಜಿನ ಮೇಲಿದ್ದ ಮೋಟಾರಿನ ಗಂಟಿನ ಎರಡೂ ತುದಿ ಸಮನಾಗಿ ಕತ್ತರಿಸಿದ್ದವು. ನೀಲಾ ಒಂದು ತುದಿ ಎಳೆದಳು. ಗಂಟು ಇನ್ನಷ್ಟು ಬಿಗಿಯಾಯಿತು. ಕಾರ್ಖಾನೆಯಿಂದ ಮಾದರಿಗೆಂದು ತಂದ, ಹಾರಿಸದ ಇನ್ನೊಂದು ಮೋಟಾರಿನ ಹಸಿರು ನೂಲಿನ ಉದ್ದ ತುದಿ ಎಳೆದಳು. ನೂಲು ಜಾರಿ ಕೈಗೆ ಬಂತು.

ಇದನ್ನೆಲ್ಲ ಹೇಳಿದಾಗ ಸುಭಾಷ ಅವರು ಕನ್ನಡಕ ತೆಗೆದರು.

“ನೀಲಾ, ಇದು ಪೊಲೀಸ್ ಠಾಣಿ. ನಿಮ್ಮವ್ವನ ಪಡಸಾಲಿ ಅಲ್ಲ. ಗಂಟು ನೋಡಿ ಬಿಡ್ರಿ ಅಂತ ಕೋರ್ಟಿಗೆ ಹೇಳಲ್ಯಾ?”

“ದಿನಕ್ಕ ಆರರಂಗ ನಲವತ್ತು ಸುತ್ತಾಕ ಒಬ್ಬಾಕಿಗೆ ಏಳು ದಿನ ಬೇಕ್ರಿ ಸರ್. ಹತ್ತು ಮಂದಿ ಮಾಲು ಒಂದ ಡಬ್ಬಿಗೆ ಬೀಳ್ತದ. ಬಿದ್ದ ಡ್ರೋನಿನ್ಯಾಗ ಮಾತ್ರ ಹಸಿರು ಹೆಂಗ ಬಂತು?”

“ಕೇಳಾಕ ಛಲೋ ಐತಿ. ಪುರಾವೆ ತರ್ರಿ.”

ಪುರಾವೆ ಎಲ್ಲಿಂದ ತರುವುದು? ನಲವತ್ತೂ ಮೋಟಾರು ಒಂದು ದಿನಕ್ಕೂ ಹೆಚ್ಚು ಕಂಪನಿಯ ಕೈಯಲ್ಲೇ ಇದ್ದವು. ನೀಲಾ ಮನೆಗೆ ಹೋಗಿ, ರೊಟ್ಟಿ ಮುರಿಯುತ್ತ ಕುಳಿತವಳು ತಟ್ಟನೆ ನಿಲ್ಲಿಸಿದಳು. ನಲವತ್ತು ಮೋಟಾರು ಅಂದರೆ ಹತ್ತು ಡ್ರೋನು. ಬಿದ್ದದ್ದು ಹನ್ನೊಂದು.

ಬುಧವಾರ ಬೆಳಿಗ್ಗೆ ಏಳೂ ಐವತ್ತಕ್ಕೆ ಜೀಪು ಕೊರ್ಲಹಳ್ಳಿ ತಲುಪಿತು. ಊರ ಬಾಗಿಲಿಗೆ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿದ್ದರು. ಸಕ್ರಪ್ಪ ಹಾರ್ನ್ ಒತ್ತಿದ, ಯಾರೂ ಕದಲಲಿಲ್ಲ. ಇಬ್ಬರೂ ಇಳಿದು ನಡೆದರು.

ಸೋಮವಾರ ಹೆಸರುಕಾಳಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಕಳಕವ್ವನ ಭುಜಕ್ಕೆ ಹನ್ನೊಂದನೇ ಡ್ರೋನು ಬಡಿದಿತ್ತು. ಎಲುಬು ಎರಡು ಕಡೆ ಮುರಿದು ಆಕೆ ಗದುಗಿನ ಆಸ್ಪತ್ರೆಯಲ್ಲಿದ್ದಳು. ಮನೆಯ ಕಟ್ಟೆಯ ಮೇಲೆ ಅತ್ತೆ ಹನಮಂತವ್ವ ಕುಳಿತಿದ್ದಳು. ಅವಳ ಮಗ, ಕಳಕವ್ವನ ಗಂಡ ಲಕ್ಷ್ಮಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

“ಬರ್ರಿ, ಈಗ ಬರ್ರಿ” ಎಂದಳು ಹನಮಂತವ್ವ. “ನನ್ನ ಸೊಸಿ ಬಿದ್ದಾಗ ಯಾರೂ ಬರಲಿಲ್ಲ. ಅದು ಬಿದ್ದದ್ದಕ್ಕ ನಿನ್ನಿಂದ ಮೂರು ಸಲ ಬಂದ್ರು. ಕಂಪನಿ ಗಾಡಿ ಎರಡು ಸಲ, ನೀವೊಂದು ಸಲ.”

“ಕಂಪನಿಯವ್ರು ಏನಂದ್ರು?”

“ಸರ್ಕಾರದ ಮಾಲು, ಕೊಡದಿದ್ರ ಒಳಗ ಹಾಕಸ್ತೀವಿ ಅಂದ್ರು” ಎಂದ ಲಕ್ಷ್ಮಪ್ಪ. “ನಮ್ಮ ಹೊಲದಾಗ ಬಿದ್ದದ್ದು ನಮ್ಮದು. ಹೋಗಿ ಹೇಳ್ರಿ.”

“ಡ್ರೋನು ಸಾಕ್ಷಿ ಐತ್ರಿ. ಕೊಟ್ಟರ ಕೇಸಿಗೆ...”

“ಯಾರ ಕೇಸು?” ಮುದುಕಿಯ ಧ್ವನಿ ಏರಲಿಲ್ಲ, ಹರಿತವಾಯಿತು. “ಅದರಾಗ ನಮ್ಮ ಕಳಕಿ ಹೆಸರೈತೇನು? ಓದು.”

ನೀಲಾ ಎಫ್‌ಐಆರ್ ಪ್ರತಿ ತೆಗೆದಳು. ಓದಬೇಕಾದ ಸಾಲು ಒಂದೇ ಇತ್ತು. ಒಬ್ಬ ಮಹಿಳೆಗೆ ಅಲ್ಪ ಪೆಟ್ಟಾಗಿದೆ.

“ಹಾರೂದಕ್ಕೊಂದು ನಂಬರ ಕೊಟ್ಟೀರಿ. ನಮ್ಮಾಕಿಗೆ ಹೆಸರಿಲ್ಲೇನ ತಂಗಿ?”

ಸಕ್ರಪ್ಪ ಗಡಿಯಾರ ತೋರಿಸಿದ. ಎಂಟೂ ಹತ್ತು. ಒಳಗೆ ನುಗ್ಗಿ ಜಪ್ತಿ ಮಾಡೋಣವೆಂದು ಕಣ್ಣಲ್ಲೇ ಕೇಳಿದ. ನೀಲಾ ಕಟ್ಟೆಯ ಮೇಲೆ ಕುಳಿತು ತೊಡೆಯ ಮೇಲೆ ಬರೆಯುವ ಹಲಗೆ ಇಟ್ಟುಕೊಂಡಳು.

“ಹೇಳಬೇ. ಬಿದ್ದಾಗ ನೀ ಎಲ್ಲಿದ್ದಿ?”

ನಲವತ್ತು ನಿಮಿಷ ಹಿಡಿಯಿತು. ಕಳಕವ್ವನ ಹೆಸರು, ವಯಸ್ಸು, ಗಂಡನ ಹೆಸರು, ಯಾವ ಸಾಲಿನಲ್ಲಿ ಬಗ್ಗಿದ್ದಳು, ಬಿದ್ದವಳು ಯಾರನ್ನು ಕರೆದಳು, ಕಂಪನಿಯ ಜನ ಆಕೆಯನ್ನು ದಾಟಿ ಯಂತ್ರದ ತುಂಡು ಆರಿಸಲು ಹೇಗೆ ಓಡಿದರು. ಎಲ್ಲ ಬರೆದು ಓದಿ ಹೇಳಿದಾಗ ಹನಮಂತವ್ವ ಒಂದು ಕಡೆ ತಡೆದಳು. “ಅಲ್ಪ ಅಂತ ಎಲ್ಲೂ ಬರದಿಲ್ಲಲ್ಲ?” ಇಲ್ಲ ಎಂದ ಮೇಲೆ ಹೆಬ್ಬೆಟ್ಟು ಒತ್ತಿ, ಮಗನಿಗೆ ಕತ್ತಿನಲ್ಲೇ ಸನ್ನೆ ಮಾಡಿದಳು. ಲಕ್ಷ್ಮಪ್ಪ ದನದ ಕೊಟ್ಟಿಗೆಗೆ ಹೋಗಿ ಬೋರಲು ಹಾಕಿದ್ದ ಹೆಡಿಗೆ ಎತ್ತಿದ.

ಎಂಟೂ ಐವತ್ತೈದಕ್ಕೆ ಇಬ್ಬರು ಪಂಚರ ಸಮಕ್ಷಮ, ವಿಡಿಯೋ ನಡೆಯುತ್ತಿದ್ದಂತೆ, ಡ್ರೋನಿನ ಜಪ್ತಿ. ನಾಲ್ಕು ಮೋಟಾರಿನಲ್ಲಿ ಒಂದು ಜಜ್ಜಿತ್ತು, ಮೂರು ಇಡಿಯಾಗಿದ್ದವು. ಒಂದರಲ್ಲೂ ಹಸಿರು ನೂಲಿಲ್ಲ. ಯಾವ ಬಣ್ಣದ ನೂಲೂ ಇಲ್ಲ. ತಂತಿಯ ಬುಡಕ್ಕೆ ಬಿಳಿ ಅಂಟು ಸುರಿದಿದ್ದರು. ಕಂಪನಿಯ ಚೀಟಿಯನ್ನು ಉಗುರಲ್ಲಿ ಸುಲಿದಾಗ, ಅಡಿಯಲ್ಲಿ ಅರ್ಧ ಕೆರೆದ ನಾಲ್ಕು ಅಕ್ಷರ ಕಂಡವು. ನಮ್ಮ ದೇಶದ ಯಾವ ಲಿಪಿಯೂ ಅಲ್ಲ.

“ಬೆಟಗೇರಿ ಹೆಣ್ಣಮಕ್ಕಳು ಇವನ್ನ ಮುಟ್ಟೇ ಇಲ್ಲ” ಎಂದ ಸಕ್ರಪ್ಪ, ನಗದೆ.

ಫೋನಿನಲ್ಲಿ ಸುಭಾಷ ಅವರು ವಿವರ ಕೇಳಿಕೊಂಡರು. ಆಮೇಲೆ, “ನೂಲು ಕಟ್ಟಿದ್ದು ಯಾರು? ಮೂರು ಗಂಟಿ ತನಕ ನೋಡತೇನಿ. ಇಲ್ಲಂದ್ರ ಆಕಿ ಕೋರ್ಟಿಗೆ.”

ಕಾರ್ಖಾನೆಯ ಗೇಟಿನ ಕಾವಲುಗಾರ ಅಲ್ಲಾಸಾಬ ರಿಜಿಸ್ಟರ್ ತೆರೆದು ಬೆರಳಿಟ್ಟ. ಸೋಮವಾರ ಮಧ್ಯಾಹ್ನ ಮೂರಕ್ಕೆ ಎಲ್ಲರಿಗೂ ರಜೆ. ಒಬ್ಬರ ಹೊರಗೆ ಹೋದ ವೇಳೆ ಮಾತ್ರ ಆರೂವರೆ.

“ಅಂಕಿತಾ ಬಾಯಾರು ಸ್ಟೋರ್‌ನ್ಯಾಗ ಒಬ್ರ ಇದ್ರು. ಚಾ ಒಯ್ದೆ. ಬಾಗಿಲ ತಗೀಲಿಲ್ಲ, ಅಲ್ಲೇ ಇಟ್ಟ್ ಹೋಗು ಅಂದ್ರು.”

“ಇವತ್ತ ಬಂದಾರೇನು?”

“ರಜಾ. ಲಕ್ಷ್ಮೇಶ್ವರಕ್ಕ, ಮನಿಗೆ ಹೋಗ್ಯಾರ.”

ಮೆಹಬೂಬಿಯ ಮೇಜಿನಲ್ಲಿ ಹಸಿರು ನೂಲಿನ ಉಂಡೆ ಇರಲಿಲ್ಲ.

ಒಂದು ಗಂಟೆ ಇಪ್ಪತ್ತಕ್ಕೆ ಲಕ್ಷ್ಮೇಶ್ವರದ ತನ್ನ ಮನೆಯಲ್ಲಿ ಪೊಲೀಸರನ್ನು ಕಂಡು ಅಂಕಿತಾ ಗಾಬರಿಯಾಗಲಿಲ್ಲ. ಮೋಟಾರುಗಳ ಪರೀಕ್ಷಾ ಪ್ರಮಾಣಪತ್ರ ಕೇಳಿದಾಗ ಮನೆಗೇ ತಂದಿಟ್ಟಿದ್ದ ಪ್ರತಿಗಳನ್ನು ಕಪಾಟಿನಿಂದ ತೆಗೆದು, ಸಾಲಾಗಿ ಜೋಡಿಸಿ, ದಾರದಿಂದ ಕಟ್ಟಿದಳು. ಕಟ್ಟಿ, ಪುಟ್ಟ ಕತ್ತರಿಯಿಂದ ಎರಡೂ ತುದಿಗಳನ್ನು ಸಮನಾಗಿ ಕತ್ತರಿಸಿದಳು. ನೀಲಾ ಕಟ್ಟನ್ನು ತೆಗೆದುಕೊಳ್ಳದೆ ಗಂಟನ್ನೇ ನೋಡುತ್ತ ನಿಂತಳು.

“ಹನ್ನೊಂದನೇದು ಸಿಕ್ಕೇತಿ, ಅಂಕಿತಾ. ಅದರಾಗ ನೂಲಿಲ್ಲ.”

ಕತ್ತರಿ ಕೆಳಗಿಡಲು ಅಂಕಿತಾಗೆ ಬಹಳ ಹೊತ್ತು ಬೇಕಾಯಿತು. ಹಸಿರು ಉಂಡೆ ಆಕೆಯ ಕೈಚೀಲದಲ್ಲೇ ಇತ್ತು. ಮೊಬೈಲಿನಲ್ಲಿ ಸೋಮವಾರ ಎರಡೂ ನಲವತ್ತಕ್ಕೆ ನಿಜಲಿಂಗಪ್ಪನವರಿಂದ ಬಂದ ಸಂದೇಶವಿತ್ತು: ಹೊರಗಿನ ಮಾಲು ಅಂತ ಗೊತ್ತಾಗಬಾರದು, ಸಂಜೆಯೊಳಗೆ ಮುಗಿಸು. ಒಂದೂ ಐವತ್ತಕ್ಕೆ ದಸ್ತಗಿರಿ. ಮೂರಕ್ಕೆ ಹತ್ತು ನಿಮಿಷವಿದ್ದಾಗ ಮುಂಡರಗಿಯಲ್ಲಿ ಮೆಹಬೂಬಿಯಿಂದ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಯಾರೂ ತಪ್ಪಾಯಿತು ಎನ್ನಲಿಲ್ಲ.

“ನಿಜಲಿಂಗಪ್ಪನವ್ರ ಹೆಸರ ಸದ್ಯಕ್ಕ ಬ್ಯಾಡ” ಎಂದರು ಸುಭಾಷ ಫೋನಿನಲ್ಲಿ.

“ಪಂಚನಾಮೆಯೊಳಗ ಬಂದ್‌ಬಿಟ್ಟೇತ್ರಿ ಸರ್” ಎಂದಳು ನೀಲಾ.

ಶಿರಹಟ್ಟಿ ದಾಟುವತನಕ ಅಂಕಿತಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ ಕೇಳದೆಯೇ ಹೇಳತೊಡಗಿದಳು. ದಿನಕ್ಕೆ ಅರವತ್ತೇ ಮೋಟಾರು ಆಗುತ್ತದೆಂದು ಮೂರು ಸಲ ವರದಿ ಬರೆದಿದ್ದಳು. ಮೂರೂ ಸಲ ‘ಮರುಪರಿಶೀಲಿಸಿ’ ಎಂದು ವಾಪಸು ಬಂತು. ನಾಲ್ಕನೇ ಸಲ ನಾನೂರು ಎಂದು ಬರೆದಳು, ಅಭಿನಂದನೆ ಬಂತು. ಮರುವಾರ ಹೊರದೇಶದ ಮೋಟಾರಿನ ಡಬ್ಬಿಗಳು ಬಂದವು, ಅವಳು ಸಹಿ ಹಾಕಿದಳು. ಅವು ಸುಟ್ಟು ಬಿದ್ದ ಸೋಮವಾರ, ಬಿಳಿ ಅಂಟು ಕೆರೆದು ಹಸಿರು ನೂಲು ಕಟ್ಟಿದಳು.

“ಹತ್ತು ಬಣ್ಣ ಇದ್ದವು. ಮೆಹಬೂಬಿದ ಯಾಕ?” ಎಂದು ನೀಲಾ ಕೇಳಿದಳು.

“ಒಮ್ಮೆ ನಾನೂ ನೂಲು ಕಟ್ಟಿದ್ದೆ. ಎಲ್ಲಾರ ಮುಂದ ಎತ್ತಿ ತೋರಿಸಿದ್ಲು. ಎಂಜಿನಿಯರ್ ಬಾಯಾರು ಹುಲ್ಲಿನ ಹೊರಿ ಕಟ್ಯಾರ ನೋಡ್ರಬೇ ಅಂದ್ಲು. ಎಲ್ಲಾರೂ ನಕ್ಕರು.”

ಜೀಪು ತಗ್ಗಿಗೆ ಬಿದ್ದು ಎದ್ದಿತು. ನೀಲಾಳ ಮಡಿಲಲ್ಲಿ ಸಾಕ್ಷಿಯ ಚೀಲವಿತ್ತು. ಅಂಕಿತಾ ಅದನ್ನೇ ನೋಡುತ್ತಿದ್ದಳು.

“ಆ ಗಂಟು ಹೆಂಗ ಹಾಕತಾರ್ರಿ?”

“ಎರಡು ವರ್ಷ ಅವ್ರ ಬಾಜೂಕ ಇದ್ದಿ.”

“ಕೇಳಾಕ ನಾಚಿಕಿ ಆತ್ರಿ.”