ಷಡ್ಡಕನ ಗೇರ್‌ಬಾಕ್ಸ್

ಮಾವ ಬದುಕಿದ್ದಾಗ ಹದಿನೆಂಟು ವರ್ಷ ಅವರ ಹಳೇ ಸ್ಪೋರ್ಟ್ಸ್ ಕಾರಿನ ಹೊಟ್ಟೆಯಡಿ ಮಲಗಿ ಎದ್ದವನು ಕಿರಿಯ ಅಳಿಯ ಮೇಸ್ತ್ರಿ. ಮಾವ ಹೋದ ಮೇಲೆ ಅದರ ಕೀಲಿಕೈ ಸಿಕ್ಕಿದ್ದು ಷಡ್ಡಕನಿಗೆ. ಹಿರಿಯ ಮಗಳ ಗಂಡ ಎಂಬುದೊಂದೇ ಅವನ ಅರ್ಹತೆ. ಕನ್ನಡಕದ ಅಂಗಡಿಯಲ್ಲಿ ಕೂತು ಊರಿನವರ ಕಣ್ಣು ಪರೀಕ್ಷೆ ಮಾಡುವ ಆ ಮನುಷ್ಯನಿಗೆ, ಈ ಕಾರಿನ ಎಂಜಿನ್ನು ಹಿಂದಿದೆ, ಅದು ಗಾಳಿಯಿಂದಲೇ ತಣ್ಣಗಾಗುತ್ತದೆ, ನೀರು ಬೇಡ ಎಂದು ಮೂರು ಸಲ ಹೇಳಿಕೊಡಬೇಕಾಯಿತು. ಮೂರನೆಯ ಸಲವೂ ಅವನು ಎಲ್ಲ ಕೇಳಿಸಿಕೊಂಡು, ಹಾಗಾದರೆ ನೀರು ಎಲ್ಲಿ ಹಾಕುವುದು ಎಂದು ಕೇಳಿದ.

ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಗೇರಿನ ಕಿರುಚಾಟ. ಆ ಕಾಲದ ಆ ಜಾತಿಯ ಸ್ಪೋರ್ಟ್ಸ್ ಕಾರಿನಲ್ಲಿ ಮೊದಲನೇ ಗೇರು ಎಡಕ್ಕೆ ಕೆಳಗಿರುತ್ತದೆ. ಬೇರೆ ಕಾರುಗಳಲ್ಲಿ ಮೊದಲನೆಯದು ಇರುವ ಜಾಗದಲ್ಲಿ ರಿವರ್ಸ್ ಕೂತಿರುತ್ತದೆ. ಷಡ್ಡಕ ಸಿಗ್ನಲ್ಲು ಸಿಗ್ನಲ್ಲಿಗೂ ಅದನ್ನು ಮರೆತು, ಹಸಿರು ಬಿದ್ದ ಕೂಡಲೇ ಹಿಂದಿನವರ ಮೇಲೆ ನುಗ್ಗುತ್ತಿದ್ದ. ಎರಡು ಬೀದಿಯಾಚೆ ಆ ಸದ್ದು ಕೇಳಿದರೂ ಮೇಸ್ತ್ರಿಯ ಹೊಟ್ಟೆ ಉರಿಯುತ್ತಿತ್ತು. ಸಾಲದ್ದಕ್ಕೆ, ಮನೆಗೆ ಬಂದ ನೆಂಟರ ಎದುರು ಷಡ್ಡಕ ಅವನ ಬೆನ್ನು ತಟ್ಟಿ, "ಇವನು ನಮ್ಮ ಮೆಕ್ಯಾನಿಕ್ಕು," ಎಂದು ಪರಿಚಯ ಮಾಡಿಸಿದ. ತಮ್ಮ ಅನ್ನಲಿಲ್ಲ, ಷಡ್ಡಕ ಅಂತಲೂ ಅನ್ನಲಿಲ್ಲ. ಮೇಸ್ತ್ರಿ ಆವತ್ತು ನಕ್ಕು ಕೈ ತೊಳೆದುಕೊಂಡ. ಕೈ ಒರೆಸಿಕೊಳ್ಳುವಷ್ಟರಲ್ಲಿ ಯೋಜನೆ ಮುಕ್ಕಾಲು ಪಾಲು ಸಿದ್ಧವಾಗಿತ್ತು.

ಮೇಸ್ತ್ರಿಯ ಹತ್ತಿರವೂ ಅದೇ ಮಾದರಿಯ ಒಂದು ಕಾರಿತ್ತು. ಇತ್ತು ಎಂದರೆ, ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲಿನಡಿ ಇಟ್ಟಿಗೆಗಳ ಮೇಲೆ ನಿಂತಿತ್ತು. ಎಂಜಿನ್ನು ಕೂರಿಸಿ ನಾಲ್ಕು ವರ್ಷವಾದರೂ ಗೇರ್‌ಬಾಕ್ಸ್ ಇರಲಿಲ್ಲ. ಅದಕ್ಕೆ ಈಗ ಮಾವನ ಕಾರಿನ ಗೇರ್‌ಬಾಕ್ಸ್ ಬರಬೇಕು, ಮಾವನ ಕಾರಿಗೆ ಬೇರೊಂದು ಹೋಗಬೇಕು. ಆ ಬೇರೊಂದು ಕೂಡ ಕಾಲ ಬುಡದಲ್ಲೇ ಇತ್ತು. ಈ ಗ್ಯಾರೇಜನ್ನು ತನ್ನ ಗುರು ಹಳೇ ಮೇಸ್ತ್ರಿಯಿಂದ ವಹಿಸಿಕೊಂಡಾಗ, ಪಾನಾ ಸುತ್ತಿಗೆಗಳ ಜೊತೆ ಬೆಂಚಿನ ಕೆಳಗಿನ ಒಡೆದ ಗೇರ್‌ಬಾಕ್ಸ್ ಒಂದೂ ಬಂದಿತ್ತು. ಅದೇ ಜಾತಿಯದು, ಹೆಚ್ಚುಕಡಿಮೆ ಅದೇ ವಯಸ್ಸಿನದು. ಬೆರಳು ದಪ್ಪ ಗ್ರೀಸು ಮೆತ್ತಿಕೊಂಡು ಬಿದ್ದಿದ್ದ ಅದರ ಮೇಲೆ ಮೇಸ್ತ್ರಿ ಇಷ್ಟು ವರ್ಷ ಕಾಲಿಟ್ಟುಕೊಂಡು ಚಹಾ ಕುಡಿದಿದ್ದ.

ಅದನ್ನೇ ರಿಪೇರಿ ಮಾಡಿ ತನ್ನ ಕಾರಿಗೆ ಹಾಕಿಕೊಳ್ಳಬಹುದಿತ್ತಲ್ಲ, ಕಳ್ಳತನ ಯಾಕೆ ಎಂದು ಯಾರಾದರೂ ಕೇಳಬಹುದು. ಮೇಸ್ತ್ರಿಯೂ ತನ್ನನ್ನು ಕೇಳಿಕೊಂಡ, ಉತ್ತರವನ್ನೂ ಕೊಟ್ಟುಕೊಂಡ. ದಿಕ್ಕಿಲ್ಲದೆ ಬಂದು ಬಿದ್ದ ಪೆಟ್ಟಿಗೆ ಯಾರಿಗೆ ಬೇಕು? ಅವನಿಗೆ ಬೇಕಾದದ್ದು ಮಾವನ ಕಾರಿನ ಜೊತೆಗೇ ಹುಟ್ಟಿದ ಗೇರ್‌ಬಾಕ್ಸು. ಒಂದು ಬೋಲ್ಟೂ ಬದಲಾಗಿಲ್ಲ ಎಂದು ಮಾವ ಸಾಯುವ ತನಕ ಮೀಸೆ ತಿರುವುತ್ತಿದ್ದರು. ಕಾರು ಸಿಗದಿದ್ದರೆ ಹೋಗಲಿ, ಅದರ ಜೀವವಾದರೂ ತನ್ನದಾಗಲಿ ಎಂದು ಅವನ ಆಸೆ.

ಮೂರು ತಿಂಗಳು ಅವನು ಒಡೆದ ಪೆಟ್ಟಿಗೆಯ ಸೇವೆ ಮಾಡಿದ. ಹೊಸ ಬೇರಿಂಗು ಹಾಕಿದ, ಪುಡಿಯಾಗಿದ್ದ ಎರಡನೇ ಗೇರಿಗೆ ಬದಲಿ ತರಿಸಿದ. ಕೊನೆಗೆ ಅದು ಎಷ್ಟು ನಯವಾಯಿತೆಂದರೆ, ಇಂಥದ್ದನ್ನು ಷಡ್ಡಕನಿಗೆ ಕೊಡಬೇಕಲ್ಲ ಎಂದು ಸ್ವಲ್ಪ ಸಂಕಟವೂ ಆಯಿತು.

ಉಳಿದದ್ದು ನಂಬರು. ಇಂಥ ಗೇರ್‌ಬಾಕ್ಸಿನ ಗುರುತು ಅದರ ತಳದಲ್ಲಿ ಅಚ್ಚೊತ್ತಿದ ಅಂಕಿಗಳು. ಷಡ್ಡಕನಿಗೆ ಬೇರೇನೂ ಬರದಿದ್ದರೂ ನಂಬರು ಬರೆದಿಡುವ ಅಭ್ಯಾಸ ಅಂಗಡಿಯಿಂದಲೇ ಬಂದಿತ್ತು. ಕಾರು ಕೈಗೆ ಬಂದ ವಾರವೇ ಅದರ ತಳದ ಅಂಕಿಗಳನ್ನು ಡೈರಿಗೆ ಇಳಿಸಿಕೊಂಡಿದ್ದ. ಹಾಗಾಗಿ ಷಡ್ಡಕನ ಕಾರಿಗೆ ಹೋಗುವ ಪೆಟ್ಟಿಗೆಯ ಮೇಲೂ ಅದೇ ಅಂಕಿಗಳಿರಬೇಕು. ಮೇಸ್ತ್ರಿ ಹಳೆ ಕಾಲದ ಅಚ್ಚುಗಳನ್ನು ಹುಡುಕಿ ತಂದ. ಅಸಲಿನಂತೆಯೇ ತಲೆ ತೆರೆದ ನಾಲ್ಕರ, ಹೊಟ್ಟೆ ಚಪ್ಪಟೆಯಾದ ಮೂರರ ಅಂಕಿ ನೇರವಾಗಿ ಬೀಳುವವರೆಗೆ ಗುಜರಿ ತಗಡಿನ ಮೇಲೆ ಹೊಡೆದು ಹೊಡೆದು ಕೈ ಪಳಗಿಸಿದ.

ಕ್ಲಚ್ಚು ಸವೆದಿದೆ ಎಂದು ಷಡ್ಡಕನೇ ಕಾರು ತಂದು ಬಿಟ್ಟ. ಅವನು ಓಡಿಸುವ ಚಂದಕ್ಕೆ ಅದು ಸವೆಯದೆ ಇನ್ನೇನು ಮಾಡೀತು. ಕ್ಲಚ್ಚು ಬದಲಾಯಿಸಲು ಎಂಜಿನ್ನು ಗೇರ್‌ಬಾಕ್ಸು ಎರಡನ್ನೂ ಹೇಗಿದ್ದರೂ ಇಳಿಸಲೇಬೇಕು, ಯಾರಿಗೂ ಅನುಮಾನ ಬರುವ ಹಾಗಿಲ್ಲ. ರಜೆಯ ದಿನ ಹಾಡುಹಗಲೇ ಶಟರ್ ಅರ್ಧ ಎಳೆದುಕೊಂಡು ಮೇಸ್ತ್ರಿ ಕೆಲಸ ಮುಗಿಸಿದ. ರಿಪೇರಿಯಾದ ಪೆಟ್ಟಿಗೆಯ ಹಳೆ ನಂಬರನ್ನು ಗ್ರೈಂಡರಿನಲ್ಲಿ ಉಜ್ಜಿದ, ಮಾವನ ಪೆಟ್ಟಿಗೆಯ ನಂಬರನ್ನು ಹೊಡೆದ, ಮಸಿ, ಚಹಾದ ಡಿಕಾಕ್ಷನ್, ಸುಟ್ಟ ಎಣ್ಣೆ ಕಲಸಿ ಮೇಲೆ ಬಳಿದ. ಸಂಜೆಯೊಳಗೆ ಮಾವನ ಗೇರ್‌ಬಾಕ್ಸು ಟಾರ್ಪಾಲಿನಡಿಯ ಕಾರಿನಲ್ಲಿ ಕೂತಿತ್ತು, ಬೆಂಚಿನಡಿಯದು ಷಡ್ಡಕನ ಕಾರಿನಲ್ಲಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಷಡ್ಡಕ ಓಡಿಸಿ ನೋಡಿ, ಗೇರು ಬೆಣ್ಣೆಯ ಹಾಗೆ ಬೀಳುತ್ತೆ ಎಂದ. ಸುಮ್ಮನಿದ್ದಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇಷ್ಟು ಒಳ್ಳೆ ಕೆಲಸ ಮಾಡಿ ಅದನ್ನು ಯಾರಿಗೂ ತೋರಿಸದೆ ಇರುವುದು ಯಾವ ಕಸುಬುದಾರನಿಗೂ ಕಷ್ಟ. ಕಾರು ಪೂರ್ತಿ ಅಸಲಿ ಎಂದು ಹಳೇ ಕಾರುಗಳ ಪರೀಕ್ಷಕರಿಂದ ಸರ್ಟಿಫಿಕೇಟು ಮಾಡಿಸಿ ಭಾವ, ನಿಮ್ಮ ಅಂಗಡಿಯಲ್ಲೇ ಕಟ್ಟು ಹಾಕಿಸಿ ತೂಗುಹಾಕಬಹುದು ಎಂದು ಮೇಸ್ತ್ರಿಯೇ ಹುಳ ಬಿಟ್ಟ. ಒಮ್ಮೆ ಪರೀಕ್ಷಕ ಸಹಿ ಹಾಕಿದನೆಂದರೆ ಸುಳ್ಳು ನಂಬರಿಗೆ ಮೊಹರು ಬಿದ್ದ ಹಾಗೆ. ಆಮೇಲೆ ಬ್ರಹ್ಮನೂ ಅಲುಗಿಸಲಾರ. ಷಡ್ಡಕ ಉಬ್ಬಿ, ಕಾರು ತಯಾರಿಸಿದ ಕಂಪನಿಗೇ ಬರೆದು, ಹುಟ್ಟುವಾಗ ಅದಕ್ಕೆ ಯಾವ್ಯಾವ ನಂಬರಿನ ಭಾಗಗಳಿದ್ದವು ಎಂಬ ಕಾಗದ ತರಿಸಿದ. ಲಕೋಟೆಯನ್ನು ಮಾತ್ರ ಪರೀಕ್ಷಕರ ಎದುರೇ ಒಡೆಯೋಣ, ಅದರ ಗಮ್ಮತ್ತೇ ಬೇರೆ ಎಂದು ಹಾಗೇ ಇಟ್ಟುಕೊಂಡ.

ಪರೀಕ್ಷೆ ಮೇಸ್ತ್ರಿಯ ಗ್ಯಾರೇಜಿನಲ್ಲೇ ನಡೆಯಿತು. ಗಂಡನ ಕಾರಿಗೆ ಮರ್ಯಾದೆ ಸಿಗುತ್ತದೆಂದು ಅತ್ತೆಯೂ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ತೆಳ್ಳಗೆ, ಮಾತು ಕಮ್ಮಿಯಿದ್ದ ಪರೀಕ್ಷಕ ಕಾರಿನಡಿಯ ಗುಂಡಿಗಿಳಿಯುವ ಮೊದಲು, ಇದರ ಕೆಲಸ ಯಾರು ಮಾಡೋದು ಎಂದು ಕೇಳಿದ.

"ಹದಿನೆಂಟು ವರ್ಷದಿಂದ ನಾನೇ. ನನ್ನ ಕೈ ಬಿಟ್ಟು ಬೇರೆ ಕೈ ಇದನ್ನ ಮುಟ್ಟಿಲ್ಲ," ಎಂದ ಮೇಸ್ತ್ರಿ, ಎಲ್ಲರಿಗೂ ಕೇಳಿಸುವ ಹಾಗೆ.

ಎಂಜಿನ್ನಿನ ನಂಬರು ಕಾಗದಕ್ಕೆ ಸರಿಹೋಯಿತು, ಮೈಯ ನಂಬರೂ ಸರಿಹೋಯಿತು. ಗೇರ್‌ಬಾಕ್ಸಿನದು ಹೋಗಲಿಲ್ಲ. ಷಡ್ಡಕ ಡೈರಿ ತೆಗೆದು, ತಳದಲ್ಲಿರೋದು ಇದೇ ನಂಬರಲ್ಲವೇ ಎಂದು ವಾದಿಸಿದ. ಇದೇ, ಆದರೆ ಕಂಪನಿ ಹಾಕಿದ್ದು ಬೇರೆ, ಇದು ಆಮೇಲೆ ಬಂದ ಗೇರ್‌ಬಾಕ್ಸು ಎಂದು ಪರೀಕ್ಷಕ ಗುಂಡಿಯೊಳಗಿಂದಲೇ ಹೇಳಿದ. ಮೇಸ್ತ್ರಿ ಕದ್ದದ್ದು, ನಾಲ್ಕು ವರ್ಷದಿಂದ ಕಾದಿದ್ದ ತನ್ನ ಕಾರಿಗೆ ಮನಸ್ಸಿಟ್ಟು ಕೂರಿಸಿದ್ದು, ಅಸಲಿಯೇ ಅಲ್ಲ! ಮಾವ ಇಷ್ಟು ವರ್ಷ ಎಲ್ಲರಿಗೂ ಟೋಪಿ ಹಾಕಿದ್ದರು. ಅಳಬೇಕೋ ನಗಬೇಕೋ ತಿಳಿಯದೆ ನಿಂತವನಿಗೆ, ತಪ್ಪು ಮಾವನ ತಲೆಗೇ ಹೋಗುತ್ತದಲ್ಲ ಎಂಬ ಸಮಾಧಾನವೂ ಆಗತೊಡಗಿತು.

"ಅಸಲಿದು ಆಗ್ಲೇ ಒಡೆದಿತ್ತಪ್ಪ," ಎಂದರು ಅತ್ತೆ, ಮೇಸ್ತ್ರಿಯ ಕಡೆ ತಿರುಗಿ. "ನೀನಿನ್ನೂ ಕೆಲಸಕ್ಕೆ ಸೇರಿರಲಿಲ್ಲ. ಹಳೇ ಮೇಸ್ತ್ರಿ ಬೇರೆ ಹಾಕಿಕೊಟ್ಟ. ಒಡೆದದ್ದನ್ನ ಹೊತ್ಕೊಂಡು ಹೋಗೋದ್ಯಾಕೆ ಅಂತ ನಿಮ್ಮ ಮಾವ ಇಲ್ಲೇ ಬಿಟ್ಟುಹೋದ್ರು. ಯಾರ ಹತ್ರಾನೂ ಹೇಳಬೇಡ ಅಂದಿದ್ರು, ಜಂಬ."

ಪರೀಕ್ಷಕ ಅಷ್ಟರಲ್ಲಿ ಟಾರ್ಚು ಹಿಡಿದು, ಈ ಲೋಹವನ್ನು ಯಾರೋ ಉಜ್ಜಿದ್ದಾರಲ್ಲ ಎನ್ನುತ್ತ ಬಟ್ಟೆಯಿಂದ ಒರೆಸಿ, ಚಿಕ್ಕ ಸೀಸೆಯಿಂದ ಆಸಿಡ್ಡಿನ ನಾಲ್ಕು ಹನಿ ಬಿಟ್ಟ. ಉಜ್ಜಿದರೂ ಲೋಹದ ಆಳದಲ್ಲಿ ಉಳಿದಿದ್ದ ಹಳೆ ಅಂಕಿಗಳು ಒಂದೊಂದಾಗಿ ಮೇಲೆದ್ದವು. ಪರೀಕ್ಷಕ ಓದುತ್ತ ಹೋದ, ಷಡ್ಡಕ ಕಾಗದ ನೋಡುತ್ತ ಹೂಂ, ಹೂಂ ಎನ್ನುತ್ತ ಹೋದ. ಏಳಕ್ಕೆ ಏಳೂ ಸರಿಹೋದವು. "ಕಾರಿನ ಜೊತೆ ಹುಟ್ಟಿದ ಅಸಲಿ ಪೆಟ್ಟಿಗೆ ಇದೇ," ಎಂದ ಪರೀಕ್ಷಕ. "ಇದರ ನಂಬರು ಉಜ್ಜಿ ಇನ್ನೊಂದರದ್ದು ಹೊಡೆದಿದಾರೆ. ಆ ಇನ್ನೊಂದು ಈಗ ಎಲ್ಲಿದೆ?" ಷಡ್ಡಕ ಕನ್ನಡಕ ಸರಿಮಾಡಿಕೊಂಡು ಮೊದಲು ಮೇಸ್ತ್ರಿಯನ್ನು ನೋಡಿದ, ಆಮೇಲೆ ಮೂಲೆಯ ಟಾರ್ಪಾಲನ್ನು. ಮೂರು ತಿಂಗಳು ಆ ಪೆಟ್ಟಿಗೆಯ ಒಳಗಿನ ಹಲ್ಲು ಹಲ್ಲನ್ನೂ ತೊಳೆದು ಒರೆಸಿದ್ದ ಮೇಸ್ತ್ರಿ, ಅದರ ನಂಬರಿನ ಮೇಲಿದ್ದ ಗ್ರೀಸನ್ನು ಮಾತ್ರ ಒರೆಸಿರಲಿಲ್ಲ. ಹೇಗೂ ಅಳಿಸುವುದೇ ಅಲ್ಲವೇ ಎಂದು, ಓದದೆಯೇ ಗ್ರೈಂಡರ್ ಇಟ್ಟಿದ್ದ.