ಎರಡು ಡಬ್ಬಗಳ ಪಾಠ

"ಅದನ್ನ ಕೆಳಗಿಡಿ!"

ವಿಜ್ಞಾನದ ಕೋಣೆಯ ಬಾಗಿಲಲ್ಲೇ ನಿಂತು ಲತಾಮಣಿ ಗದರಿದಳು. ಒಳಗೆ, ಅವಳ ಮೇಜಿನ ಮುಂದೆ, ಎಂದೂ ಕಾಣದ ಎತ್ತರದ ಮನುಷ್ಯನೊಬ್ಬ ಅವಳ ಶೂ ಡಬ್ಬದಿಂದ ಒಂದು ರೇಷ್ಮೆಗೂಡು ತೆಗೆದು, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸುತ್ತಿದ್ದ.

ಆತ ಬೆಚ್ಚಿ ತಿರುಗಿದ. ಗೂಡು ಕೈಜಾರಿತು. ಇಬ್ಬರೂ ಒಟ್ಟಿಗೆ ಕೈ ಚಾಚಿದರು. ಗೂಡು ಅವನ ಅಂಗೈಯಲ್ಲಿ ಉಳಿಯಿತು, ಅದರ ಮೇಲೆ ಅವಳ ಅಂಗೈ.

ಒಂದು ಗಳಿಗೆ ಯಾರೂ ಕೈ ತೆಗೆಯಲಿಲ್ಲ... ಆಮೇಲೆ ಇಬ್ಬರೂ ಒಟ್ಟಿಗೇ ತೆಗೆದರು, ಪಾಪದ ಗೂಡು ನೆಲಕ್ಕೇ ಬಿತ್ತು.

ತಾನು ಅನಂತರಾಜು, ಮಾಗಡಿ ಕಡೆಯಿಂದ ವರ್ಗವಾಗಿ ಬಂದ ಗಣಿತದ ಮೇಷ್ಟ್ರು ಎಂದು ಅವನು ತಡವರಿಸಿ ಹೇಳಿಕೊಂಡ.

"ಗಣಿತದೋರಿಗೆ ನನ್ನ ಗೂಡಲ್ಲೇನು ಕೆಲಸ?"

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಸುಮ್ಮನಾದ. ಅಂದು ಅವನು ಬಾಯಿ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಹಾಗಾಗಿ ನಾವಂತೂ ಅವನನ್ನು ಬಯ್ಯುವ ಹಾಗಿಲ್ಲ.

ರಾಮನಗರದ ಆ ಸರ್ಕಾರಿ ಶಾಲೆಯಲ್ಲಿ ಲತಾಮಣಿ ವಿಜ್ಞಾನ ಕಲಿಸುತ್ತಿದ್ದ ರೀತಿಯೇ ಬೇರೆ. ಮೊದಲು ಮಕ್ಕಳು ನೋಡಬೇಕು, ಕಾಯಬೇಕು, ಜಗಳ ಆಡಬೇಕು. ಪುಸ್ತಕ ತೆರೆಯುವುದು ಎಲ್ಲಕ್ಕೂ ಕೊನೆಗೆ. ಹೀಗಾದರೆ ಸಿಲಬಸ್ ಮುಗಿದ ಹಾಗೇ ಎಂದು ಹೆಡ್‌ಮಾಸ್ಟರ್ ದಿನವೂ ಗೊಣಗುತ್ತಿದ್ದರು.

ಈಗ ಅವಳಿಗೊಂದು ಅವಕಾಶ ಸಿಕ್ಕಿತ್ತು. ಜಿಲ್ಲೆಯ ವಿಜ್ಞಾನ ಶಿಕ್ಷಕರ ತರಬೇತಿಗೆ ಹೊಸ ಪಾಠಗಳನ್ನು ಆರಿಸುತ್ತಿದ್ದರು. ಶನಿವಾರ ಆಯ್ಕೆಯವರು ಬಂದು ಅವಳ ಎಂಟನೇ ತರಗತಿಯಲ್ಲಿ ಕೂರುವವರಿದ್ದರು. ಮೆಚ್ಚಿದರೆ ಅವಳ ರೀತಿ ಜಿಲ್ಲೆಯ ಎಲ್ಲ ಶಾಲೆಗೂ ಹೋಗುತ್ತದೆ. ಇಲ್ಲದಿದ್ದರೆ ಮತ್ತೆ ಕಪ್ಪು ಹಲಗೆ, ಮತ್ತೆ ಬಾಯಿಪಾಠ.

ಪಾಠ, ಹುಳು ಚಿಟ್ಟೆಯಾಗುವುದು. ಗೂಡು ತಂದುಕೊಟ್ಟವಳು ಹಾಜಿರಾ. ಅವಳ ಅಬ್ಬಾ ಸಮದ್ ಸಾಹೇಬರು ಊರಲ್ಲೇ ರೇಷ್ಮೆ ನೂಲು ತೆಗೆಯುವವರು. ಮಗಳ ಮಿಸ್ ಕೇಳಿದ್ದಾರೆಂದು ರಾಶಿಯಲ್ಲಿ ಹುಡುಕಿ ಹುಡುಕಿ, ಒಂದೂ ಕಲೆಯಿಲ್ಲದ ಗೂಡುಗಳನ್ನು ಕಳಿಸಿದ್ದರು.

ಮಕ್ಕಳು ಕಾದರು. ಲತಾಮಣಿಯೂ ಕಾದಳು. ಬೆಳಿಗ್ಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ಡಬ್ಬದ ಮುಚ್ಚಳ ತೆಗೆಯುತ್ತಿದ್ದಳು. ಏನೂ ಇಲ್ಲ. ಪಕ್ಕದ ಕೋಣೆಯ ಕಿಟಕಿಯಿಂದ ಅನಂತರಾಜು ಇದನ್ನು ನೋಡುತ್ತಿದ್ದ. ಅವಳ ಹೆಗಲು ಇಳಿಯುವುದನ್ನು ನೋಡಿ ಅವನ ಮುಖವೂ ಇಳಿಯುತ್ತಿತ್ತು. ಮಧ್ಯಾಹ್ನ ಅವನೇ ಮಾಗಡಿ ಹತ್ತಿರದ ಕೆಂಪಾಪುರದ ತನ್ನ ಮನೆಯಿಂದ ತಂದ ಹುರುಳಿ ಪಲ್ಯ ಮುಂದಿಟ್ಟು, "ಒಸಿ ತಿನ್ನಿ ಮೇಡಂ, ಚಿಟ್ಟೆ ಬಂದ್ರೆ ಬತ್ತದೆ" ಎನ್ನುತ್ತಿದ್ದ. ಅವಳಿಗೆ ನಗು ಬರುತ್ತಿತ್ತು. ಅವನು ಬಾರದ ದಿನ ಊಟ ಸಪ್ಪೆ ಎನಿಸಲು ಶುರುವಾದದ್ದು ಯಾವಾಗ ಎಂದು ಅವಳಿಗೇ ತಿಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಮುಚ್ಚಳ ತೆಗೆದರೆ... ಚಿಟ್ಟೆಗಳು! ಒದ್ದೆ ರೆಕ್ಕೆ ಬಡಿಯುತ್ತ ಡಬ್ಬದ ತುಂಬ ಓಡಾಡುತ್ತಿದ್ದವು. ಮಕ್ಕಳು ಕುಣಿದರು. ಲತಾಮಣಿಯ ಕಣ್ಣಲ್ಲಿ ನೀರು ತುಂಬಿತು.

ಹಾಜಿರಾ ಮಾತ್ರ ಕುಣಿಯಲಿಲ್ಲ. ಊಟದ ಬಿಡುವಿನಲ್ಲಿ ಒಬ್ಬಳೇ ಬಂದು ನಿಂತಳು.

"ಮಿಸ್, ಇವು ನಮ್ಮನೆ ಗೂಡಲ್ಲ. ಬಣ್ಣ ಒಂದೇ ಥರ ಐತೆ. ಆದ್ರೆ ಇವಕ್ಕೆ ತುದಿ ಚೂಪು. ನಮ್ಮವು ದುಂಡಗಿದ್ವು." ಹುಡುಗಿಯ ತುಟಿ ನಡುಗಿತು. "ಅಬ್ಬಾ ಕೊಟ್ಟಿದ್ದು ಕೆಟ್ಟದಾ ಮಿಸ್? ಅದಕ್ಕೇ ಬಿಸಾಕಿದ್ರಾ?"

ಲತಾಮಣಿಗೆ ಗೂಡನ್ನು ಕಿವಿಗೆ ಹಿಡಿದು ನಿಂತಿದ್ದ ಆ ಮನುಷ್ಯ ನೆನಪಾದ.

ಅವಳು ಹೋಗಿ ಕೇಳಿದಾಗ ಅನಂತರಾಜು ಸುಳ್ಳು ಹೇಳಲಿಲ್ಲ. ಮೊದಲ ದಿನವೇ ತನಗೆ ಗೊತ್ತಾಗಿತ್ತು ಎಂದ. ಜೀವ ಇರುವ ಗೂಡು ಅಲುಗಾಡಿಸಿದರೆ ಭಾರವಾಗಿ ದಡ್ ಎನ್ನುತ್ತದೆ, ಇವು ಹಗುರಾಗಿ ಗಿಲಿಗಿಲಿ ಅಂದಿದ್ದವು. ಒಳಗಿನ ಹುಳು ಯಾವತ್ತೋ ಸತ್ತು ಒಣಗಿತ್ತು. ನಮ್ಮ ಮನೆಯಲ್ಲಿ ಮೊಟ್ಟೆಗೆಂದೇ ಬಿತ್ತನೆ ಗೂಡು ಬೆಳೆಯುತ್ತಾರೆ, ನಿನ್ನೆ ಸಂಜೆ ಅದನ್ನು ತಂದು ಬದಲಾಯಿಸಿದ್ದೆ ಎಂದು ತಲೆ ತಗ್ಗಿಸಿದ.

"ನಂಗ್ಯಾಕೆ ಹೇಳ್ಲಿಲ್ಲ?"

"ಶನಿವಾರ ನಿಮ್ಮ ಮರ್ಯಾದೆ..."

"ನನ್ನ ಮರ್ಯಾದೆ ಉಳಿಸೋಕೆ ನನ್ನ ಪಾಠ ಹಾಳು ಮಾಡಿದ್ರಲ್ಲ ಸರ್." ಅವಳ ದನಿ ಒಡೆಯಿತು. "ಕಣ್ಣಿಂದ ನೋಡಿದ್ದನ್ನ ನಂಬಿ ಅಂತ ಮಕ್ಕಳಿಗೆ ಹೇಳ್ಕೊಂಡು ಬಂದೋಳು ನಾನು. ಈಗ ಆ ಮಕ್ಕಳ ಕಣ್ಣಿಗೇ ಮಣ್ಣೆರಚಿದ್ರಿ. ಒಂದು ಮಗು ತನ್ನಪ್ಪನ್ನೇ ಅನುಮಾನ ಪಡ್ತಾ ಐತೆ."

ಆ ಎರಡು ದಿನ ಅವಳು ಊಟದ ಡಬ್ಬಿ ತೆರೆಯಲಿಲ್ಲ. 'ಸುಮ್ಮನಿದ್ದುಬಿಡು... ಶನಿವಾರ ಚಿಟ್ಟೆ ತೋರಿಸು, ಎಲ್ಲರೂ ಹೊಗಳುತ್ತಾರೆ' ಎಂದು ಮನಸ್ಸು ಆಸೆ ತೋರಿಸಿತು. ಹಾಜಿರಾಳ ನಡುಗುವ ತುಟಿ ನೆನಪಾದಾಗಲೆಲ್ಲ ಆ ಆಸೆ ಹಿಂಜರಿಯಿತು.

ಶನಿವಾರ ಹಿಂದಿನ ಬೆಂಚುಗಳಲ್ಲಿ ಆಯ್ಕೆಯವರು, ಅವರ ಪಕ್ಕ ಹೆಡ್‌ಮಾಸ್ಟರ್ ಕೂತರು. ಲತಾಮಣಿ ಡಬ್ಬ ಮುಂದಿಟ್ಟು ಗಂಟಲು ಸರಿಮಾಡಿಕೊಂಡಳು.

"ಮಕ್ಕಳೇ, ಇವತ್ತು ಪಾಠಕ್ಕೆ ಮುಂಚೆ ಒಂದು ನಿಜ ಹೇಳ್ಬೇಕು..."

"ಅದನ್ನ ನಾನು ಹೇಳ್ತೀನಿ ಮೇಡಂ."

ಬಾಗಿಲಲ್ಲಿ ಅನಂತರಾಜು ನಿಂತಿದ್ದ. ಕೈಯಲ್ಲಿ ಇನ್ನೊಂದು ಡಬ್ಬ. ಒಳಗೆ ಬಂದು ಅದನ್ನು ಮೊದಲ ಡಬ್ಬದ ಪಕ್ಕ ಇಟ್ಟ.

"ಹಾಜಿರಾ ತಂದಿದ್ದ ಗೂಡು ಇವು. ಬದಲಾಯಿಸಿದ್ದು ನಾನು. ನಿಮ್ಮ ಮಿಸ್‌ಗೆ ಗೊತ್ತಿರಲಿಲ್ಲ. ತಪ್ಪಾಯ್ತು ಮಕ್ಕಳೇ."

ಹೆಡ್‌ಮಾಸ್ಟರ್ ಬೆವರು ಒರೆಸಲು ಕರವಸ್ತ್ರ ಹುಡುಕಿದರು. ಲತಾಮಣಿ ಎರಡು ಡಬ್ಬಗಳನ್ನೂ ನೋಡಿದಳು, ಆಮೇಲೆ ಮಕ್ಕಳನ್ನು ನೋಡಿದಳು.

"ಸರಿ. ಇದರಲ್ಲಿ ಚಿಟ್ಟೆ ಬಂತು, ಅದರಲ್ಲಿ ಬರಲಿಲ್ಲ. ಯಾಕೆ?"

ಅಷ್ಟೇ ಸಾಕಾಯಿತು. ಕೈಗಳು ಎದ್ದವು. ಬಿಸಿಲು ಸಾಲಲಿಲ್ಲ ಎಂದು ಒಬ್ಬ, ಹಳೇ ಗೂಡು ಎಂದು ಇನ್ನೊಬ್ಬಳು. ಒಂದು ದುಂಡು ಗೂಡನ್ನು ಕತ್ತರಿಸಿದಾಗ ಒಣಗಿದ ಹುಳು ಮೇಜಿನ ಮೇಲೆ ಉರುಳಿತು. ಅದನ್ನು ನೋಡಿ ಹಾಜಿರಾ ನಿಧಾನವಾಗಿ ಎದ್ದಳು.

"ಮಿಸ್... ನಾವು ಗೂಡು ತಂದ ತಕ್ಷಣ ಬಿಸಿ ಹಬೆಗೆ ಇಡ್ತೀವಿ, ಒಳಗಿನ ಹುಳು ಸಾಯ್ತದೆ. ಇಲ್ದಿದ್ರೆ ಚಿಟ್ಟೆ ತೂತು ಮಾಡ್ಕೊಂಡು ಬಂದ್ಬುಡ್ತದೆ, ನೂಲು ತುಂಡಾಯ್ತದೆ. ನಮ್ಮನೇಲಿ ಚಿಟ್ಟೆ ನೋಡಿದೋರೇ ಇಲ್ಲ ಮಿಸ್. ಅಬ್ಬಾ ಕೂಡ ಒಳ್ಳೇದು ಅಂದ್ರೆ ಇದೇ ಅಂತ ಕೊಟ್ರು."

"ನಿಮ್ಮ ಅಬ್ಬಾ ಕೊಟ್ಟಿದ್ದು ಒಳ್ಳೇದೇ ಕಣಮ್ಮ," ಎಂದು ಲತಾಮಣಿ ಅವಳ ತಲೆ ಸವರಿದಳು. "ಆ ಡಬ್ಬ ಇಲ್ದಿದ್ರೆ ಇವತ್ತು ಈ ಪ್ರಶ್ನೇನೇ ಹುಟ್ತಿರಲಿಲ್ಲ. ಅವರಿಗೆ ನನ್ನ ಥ್ಯಾಂಕ್ಸ್ ಹೇಳು."

ಹುಡುಗಿಯ ಮುಖ ಅರಳಿತು. ಹಾಗಾದರೆ ನಮ್ಮ ಸೀರೆಗೆಲ್ಲ ಹುಳು ಸಾಯಬೇಕಾ ಎಂದು ಯಾರೋ ಕೇಳಿದರು, ಗಂಟೆ ಹೊಡೆದರೂ ಜಗಳ ನಿಲ್ಲಲಿಲ್ಲ. ಆಯ್ಕೆಗೆ ಬಂದಿದ್ದ ಹಿರಿಯ ಮೇಡಂ ಬೈರಮ್ಮನವರು ಹೊರಡುವಾಗ, ಜಿಲ್ಲೆಯ ತರಬೇತಿಗೆ ಈ ಪಾಠವನ್ನು ಎರಡು ಡಬ್ಬ ಇಟ್ಟೇ ಬರೆಯಬೇಕು, ಮೇಡಂ ಮೇಷ್ಟ್ರು ಇಬ್ಬರೂ ಸೇರಿ ಬರೆಯಬೇಕು ಎಂದು ಹೇಳಿಹೋದರು. ಹೆಡ್‌ಮಾಸ್ಟರ್ ಅಂದು ಸಿಲಬಸ್ ಎಂಬ ಪದವನ್ನೇ ಎತ್ತಲಿಲ್ಲ.

ಮಕ್ಕಳೆಲ್ಲ ಹೋದ ಮೇಲೆ ಲತಾಮಣಿ ಮೇಜು ಒರೆಸುತ್ತಿದ್ದಳು. ಅನಂತರಾಜು ಬಾಗಿಲ ಹೊರಗೇ ನಿಂತಿದ್ದ.

"ಒಳಗೆ ಬನ್ನಿ. ಎಲ್ಲರ ಮುಂದೆ ಒಪ್ಪಿಕೊಂಡ್ರಲ್ಲ... ಥ್ಯಾಂಕ್ಸ್. ಆ ಮಾತು ನಾನೇ ಆಡಿದ್ರೆ ಇಷ್ಟು ಚೆನ್ನಾಗಿರ್ತಿರಲಿಲ್ಲ."

"ನಾನೇ ನಿಮಗೆ ಹೇಳ್ಬೇಕು ಮೇಡಂ. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ದಿನಾ ಬೆಳಗ್ಗೆ ಮುಚ್ಚಳ ತೆಗೆದು ನಿಮ್ಮ ಮುಖ ಬಾಡೋದು ನೋಡೋಕಾಗ್ತಿರಲಿಲ್ಲ... ಪಾಠ, ಶನಿವಾರ, ಮರ್ಯಾದೆ ಎಲ್ಲ ನೆಪ."

ಅವಳ ಕೈಯಲ್ಲಿದ್ದ ಬಟ್ಟೆ ನಿಂತಿತು. 'ಹಾಗಾದರೆ ನನಗೊಬ್ಬಳಿಗೇ ಅಲ್ಲ...' ಎದೆ ತುಂಬಿ ಬಂತು. ಇಷ್ಟು ದಿನ ಒಬ್ಬಳೇ ಕಾಯುತ್ತಿದ್ದೆ ಎಂದುಕೊಂಡಿದ್ದಳು. ಪಕ್ಕದ ಕಿಟಕಿಯಲ್ಲಿ ಇನ್ನೊಂದು ಜೀವವೂ ಕಾದಿತ್ತು.

"ಬಿತ್ತನೆ ಗೂಡು ಯಾರಿಗೆ ಒಯ್ತಾ ಇದ್ದೀಯಾ ಅಂತ ಅವ್ವ ಕೇಳಿದ್ಲು," ಎಂದ ಅವನು, ನೆಲ ನೋಡುತ್ತ.

"ಏನಂದ್ರಿ?"

"ಸ್ಕೂಲಿಗೆ ಅಂದೆ."

"ಮತ್ತೆ ಸುಳ್ಳು."

"ಅದಕ್ಕೇ... ನಾಳೆ ಭಾನುವಾರ. ಅವ್ವಂಗೆ ನಿಜ ಹೇಳೋಣ ಅಂತಿದ್ದೀನಿ. ನೀವು ಒಪ್ಪಿದ್ರೆ."

ಲತಾಮಣಿ ಖಾಲಿ ಗೂಡೊಂದನ್ನು ಎತ್ತಿ, ಅವನ ಅಂಗೈಯಲ್ಲಿಟ್ಟು, ಅದರ ಮೇಲೆ ತನ್ನ ಅಂಗೈ ಇಟ್ಟಳು. ಈ ಸಲ ಯಾರೂ ಕೈ ತೆಗೆಯಲಿಲ್ಲ.

"ಹೇಳಿ. ಆದ್ರೆ ನಾನೂ ಜೊತೇಲಿ ಬತ್ತೀನಿ," ಎಂದಳು. "ನಿಮ್ಮೊಬ್ರನ್ನೇ ಬಿಟ್ರೆ ಮತ್ತೆ ಏನಾದ್ರೂ ಬದಲಾಯಿಸಿಬುಡ್ತೀರ."